ಗುಡ್ ಫ್ರೈಡೇಗೆ ಶುಭಾಶಯ ಬೇಡ

ಕೆಲ ವರ್ಷದ ಹಿಂದೆ ಗುಡ್ ಫ್ರೈಡೇ ದಿನ ನಮ್ಮಿಂದ ಒಂದು ತಪ್ಪಾಯಿತು. ಊರಿನ ವಾಟ್ಸಾಪ್ ಗ್ರೂಪಿಗೆ ಹೂವಿನ ಚಿತ್ರದ ಜೊತೆ 'ಸಮಸ್ತ ಕ್ರೈಸ್ತ ಬಾಂಧವರಿಗೆ ಹಾರ್ದಿಕ ಶುಭಾಶಯಗಳು' ಅಂತ ಹಾಕಿದೆವು. ಅರ್ಧ ತಾಸಿನಲ್ಲಿ ಹುಬ್ಬಳ್ಳಿಯ ಹಿರಿಯರೊಬ್ಬರು ಫೋನ್ ಮಾಡಿದರು. ಸಿಟ್ಟು ಮಾಡಲಿಲ್ಲ. 'ಅಲ್ಲೋ ತಮ್ಮಾ, ಸತ್ತವರ ಮನೀಗೆ ಹೋಗಿ ಶುಭಾಶಯ ಹೇಳ್ತಾರೇನು?' ಅಂದರು, ಅಷ್ಟೇ.

ಅವರು ಹೇಳಿದ್ದು ಖರೆ. ಅದು ಯೇಸುವನ್ನು ಶಿಲುಬೆಗೆ ಏರಿಸಿದ ದಿನ. 40 ದಿನದ ಉಪವಾಸ ಕಾಲದ ಕೊನೆಗೆ ಬರುತ್ತದೆ. ಪ್ರೊಟೆಸ್ಟೆಂಟರ ಅನೇಕ ಚರ್ಚುಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ ಇರುತ್ತದೆ. ಶಿಲುಬೆಯ ಮೇಲೆ ಯೇಸು ಆಡಿದ 7 ಮಾತುಗಳ ಬಗ್ಗೆ ಪ್ರವಚನ ನಡೆಯುತ್ತದೆ. ಕ್ಯಾಥೊಲಿಕರು ಆ ದಿನ ಪೂಜೆ ಅರ್ಪಿಸುವುದಿಲ್ಲ, ಗಂಟೆ ಬಾರಿಸುವುದಿಲ್ಲ, 14 ನಿಲುಗಡೆಗಳ ಶಿಲುಬೆ ಹಾದಿ ನಡೆಯುತ್ತಾರೆ.

ಹಾಗಾದರೆ 'ಗುಡ್' ಯಾಕೆ? ಇಂಗ್ಲಿಷಿನ ಹಳೆಯ ಬಳಕೆಯಲ್ಲಿ ಆ ಮಾತಿಗೆ 'ಪವಿತ್ರ' ಎಂಬ ಅರ್ಥವೂ ಇತ್ತು. ನಮ್ಮ ಭಾಗಕ್ಕೆ ಬಂದ ಬಾಸೆಲ್ ಮಿಶನ್ನಿನವರು ಹೆಚ್ಚಾಗಿ ಜರ್ಮನ್ ಮಾತಾಡುವವರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆ ಮಾಡಿದರು. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಕೂಡ ಅದೇ ಮಿಶನ್ನಿನವರು. ಅವರ ಭಾಷೆಯಲ್ಲಿ ಈ ದಿನದ ಹೆಸರು 'ಕಾರ್‌ಫ್ರೈಟಾಗ್', ಅಂದರೆ ಶೋಕದ ಶುಕ್ರವಾರ.

ದಿನಾಂಕ ವರ್ಷವರ್ಷ ಯಾಕೆ ಬದಲಾಗುತ್ತದೆ ಅಂತ ಹಲವರು ಕೇಳುತ್ತಾರೆ. ಇದೂ ನಮ್ಮ ಹಬ್ಬಗಳ ಹಾಗೆ ಹುಣ್ಣಿಮೆ ಲೆಕ್ಕವೇ. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್, ಅದಕ್ಕೆ 2 ದಿನ ಮೊದಲು ಗುಡ್ ಫ್ರೈಡೇ. ಹೆಚ್ಚಾಗಿ ದವನದ ಹುಣ್ಣಿಮೆಯ ಆಸುಪಾಸು ಬೀಳುತ್ತದೆ. 2024ರಲ್ಲಿ ಹೋಳಿ ಹುಣ್ಣಿಮೆಯ ವಾರದಲ್ಲೇ ಬಂತು: ಒಂದು ಕಡೆ ಬಣ್ಣ, ಇನ್ನೊಂದು ಕಡೆ ಉಪವಾಸ.

ಇನ್ನೊಬ್ಬರ ದುಃಖದಲ್ಲಿ ಕೂಡುವುದು ನಮಗೆ ಹೊಸದಲ್ಲ. ಮೊಹರಂದಾಗ ನಮ್ಮ ಹಳ್ಳಿಗಳಲ್ಲಿ ಪಂಜಾ ಕೂಡಿಸುವಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಕರ್ಬಲಾದ ಕಥೆ ಹಾಡಾಗಿ ನಮ್ಮವರ ಬಾಯಲ್ಲಿದೆ. ಆದರೆ ಕ್ರೈಸ್ತರ ಮನೆಗಳು ಹಳ್ಳಿಗಳಲ್ಲಿ ಕಡಿಮೆ. ಅವರ ದಿನ ನಮಗೆ ಗೊತ್ತಾಗುವುದು ಕ್ಯಾಲೆಂಡರಿನ ಕೆಂಪು ಅಕ್ಷರದಿಂದ, ರಜೆಯಿಂದ. ರಜೆ ಅಂದರೆ ಹಬ್ಬ, ಹಬ್ಬ ಅಂದರೆ ಶುಭಾಶಯ ಅಂತ ಬೆರಳು ತಾನೇ ಒತ್ತಿಬಿಡುತ್ತದೆ.

ಇದರಲ್ಲಿ ನಮ್ಮ ವರದಿಗಾರರ ಪಾಲೂ ಇದೆ. 'ಸಡಗರ, ಸಂಭ್ರಮದ ಗುಡ್ ಫ್ರೈಡೇ' ಅಂತ ಬರೆದು ಕಳಿಸುವವರು ನಾವೇ. ಯಾವ ಹಬ್ಬಕ್ಕೂ ಅದೇ ಸಾಲು, ದಿನಾಂಕ ಮಾತ್ರ ಬೇರೆ. ನಾಯಕರ ಫ್ಲೆಕ್ಸಿಗೂ ಇದೇ ಮಾತು ಹೇಳಬೇಕು.

ಶುಭಾಶಯ ಕಳಿಸಿದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನಿಜ. ಆದರೆ ಪಕ್ಕದ ಮನೆಯವರು ಇವತ್ತು ಅಳುತ್ತಿದ್ದಾರೋ ನಗುತ್ತಿದ್ದಾರೋ ಅನ್ನುವಷ್ಟಾದರೂ ನಾವು ತಿಳಿದಿರಬೇಕು. ಈ ಸಲ ಶುಕ್ರವಾರ ಫಾರ್ವರ್ಡ್ ಬೇಡ. ಎದುರಿಗೆ ಸಿಕ್ಕರೆ ನಮಸ್ಕಾರ ಅಂದು, ಪ್ರಾರ್ಥನೆ ಎಷ್ಟು ಗಂಟೆಗೆ ಅಂತ ಕೇಳಿ. ಶುಭಾಶಯವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಅವತ್ತು ಈಸ್ಟರ್, ಅವರ ಮನೆಗೆ ಹೋಗಿಯೇ ಹೇಳಿ.