ಹಿಟ್ಟಿನ ಹುಂಜವೂ ರಬ್ಬರಿನ ಆನೆಯೂ

“ಬಾಳೆಹಣ್ಣು ಕೊಟ್ರೆ ತಿನ್ನುತ್ತೇನು ಅದು?” ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ಯಂತ್ರದ ಆನೆ ಬಂದ ಸುದ್ದಿಯನ್ನು ಪೇಪರಿನಲ್ಲಿ ಓದಿ ನಮ್ಮ ಸೋದರತ್ತೆ ಕೇಳಿದ ಮೊದಲ ಪ್ರಶ್ನೆ ಇದು. ತಿನ್ನೋದಿಲ್ಲ ಅತ್ತೆ ಅಂದೆ. “ಹಾಗಾದ್ರೆ ಉಪವಾಸಾನೂ ಬೀಳಲ್ಲ, ಒಳ್ಳೇದಾಯ್ತು ಬಿಡು” ಅಂದರು. ಈ ವಿವಾದದಲ್ಲಿ ಇಷ್ಟು ತೂಕದ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿಲ್ಲ.

ನೋಡದವರಿಗಾಗಿ ಹೇಳುತ್ತೇನೆ. ಒಳಗೆ ಉಕ್ಕಿನ ಚೌಕಟ್ಟು, ಅದರ ಸುತ್ತ ಜಾಲರಿ, ಫೋಮು, ಫೈಬರು, ಹೊರಗೆ ರಬ್ಬರಿನ ತೊಗಲು. ಕರೆಂಟು ಕೊಟ್ಟರೆ ಕಿವಿ ಬೀಸುತ್ತದೆ, ತಲೆಯಾಡಿಸುತ್ತದೆ, ಸೊಂಡಿಲೆತ್ತಿ ನೀರು ಚಿಮ್ಮಿಸುತ್ತದೆ. ತೂಕ ಸುಮಾರು 800 ಕಿಲೋ. ಕಾಲಡಿಯ ಹಲಗೆಗೆ ಚಕ್ರಗಳಿವೆ, ತಳ್ಳಿಕೊಂಡು ಮೆರವಣಿಗೆ ಹೊರಡಿಸಬಹುದು. 2023ರ ಫೆಬ್ರುವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನಕ್ಕೆ ‘ರಾಮನ್’ ಬಂದ. ಆಮೇಲೆ ನಮ್ಮ ಸುತ್ತೂರು ಮಠಕ್ಕೆ ‘ಶಿವ’, 2024ರ ಡಿಸೆಂಬರಿನಲ್ಲಿ ರಂಭಾಪುರಿಗೆ ‘ವೀರಭದ್ರ’. ಪೆಟಾ ಇಂಡಿಯಾ, ಬೆಂಗಳೂರಿನ ಕ್ಯೂಪಾ ಇಂಥ ಪ್ರಾಣಿದಯಾ ಸಂಸ್ಥೆಗಳು ಸಿನಿಮಾ ತಾರೆಯರ ಜತೆಗೂಡಿ ಕೊಡುವ ಕಾಣಿಕೆ ಇದು. ಇನ್ನು ಮುಂದೆ ಜೀವಂತ ಆನೆಯನ್ನು ಸಾಕುವುದಿಲ್ಲ, ಬಾಡಿಗೆಗೂ ತರುವುದಿಲ್ಲ ಎಂದು ಒಪ್ಪಿಕೊಂಡ ದೇವಸ್ಥಾನಕ್ಕೇ ಕೊಡುವುದು.

ಸಂಪ್ರದಾಯ ಕೆಟ್ಟಿತು ಎಂಬ ಕೂಗು ತಕ್ಷಣ ಎದ್ದಿತು. ಯಾವ ಸಂಪ್ರದಾಯ? ನಮ್ಮ ಯಾವುದೇ ಹಳೆಯ ದೇವಸ್ಥಾನದ ವಾಹನಗಳ ಕೋಣೆಗೆ ಹೋಗಿ ನೋಡಿ. ಗರುಡ, ಹನುಮ, ನಂದಿ, ಕುದುರೆಗಳ ನಡುವೆ ಮರದಲ್ಲಿ ಕೆತ್ತಿದ ಗಜವಾಹನವೊಂದು ಬಟ್ಟೆ ಹೊದ್ದು ನಿಂತಿರುತ್ತದೆ. ರಥೋತ್ಸವದ ವಾರದಲ್ಲಿ ಒಂದು ರಾತ್ರಿ ಉತ್ಸವಮೂರ್ತಿ ಅದನ್ನೇರಿ ಬೀದಿ ಸುತ್ತುತ್ತದೆ. ಆನೆ ಮರದ್ದು, ದೇವರು ಬರುವುದಿಲ್ಲ ಎಂದು ಇವತ್ತಿನವರೆಗೆ ಯಾವ ಅರ್ಚಕರೂ ಹೇಳಿಲ್ಲ. ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶು ಸಾಕು ಎಂಬ ಪಿಷ್ಟಪಶುವಿನ ವಾದವನ್ನು ಎತ್ತಿ ಹಿಡಿದವರು ಉಡುಪಿಯ ಮಧ್ವಾಚಾರ್ಯರ ಪರಂಪರೆಯವರೇ. ಅದಕ್ಕೆ ಏಳು ಶತಮಾನ ಕಳೆದಿದೆ.

ಆಗಮದಲ್ಲಿ ರಬ್ಬರಿನ ಮಾತಿಲ್ಲವಲ್ಲ ಅನ್ನುತ್ತಾರೆ. ಇಲ್ಲ, ನಿಜ. ಮಂಗಳಾರತಿಯ ಹೊತ್ತಿಗೆ ಸ್ವಿಚ್ಚು ಹಾಕಿದರೆ ತಾನೇ ನಗಾರಿ ಬಡಿದು, ಜಾಗಟೆ ಹೊಡೆದು, ಗಂಟೆ ಅಲ್ಲಾಡಿಸುವ ಆ ಕರೆಂಟಿನ ಯಂತ್ರದ ಮಾತೂ ಆಗಮದಲ್ಲಿಲ್ಲ. ಅದು ಬಂದಾಗ ತಲೆಮಾರುಗಳಿಂದ ನಗಾರಿ ಬಡಿಯುತ್ತಿದ್ದ ಮನುಷ್ಯ ಕೆಲಸ ಕಳೆದುಕೊಂಡು ಮನೆಗೆ ಹೋದ. ಆಗ ಒಬ್ಬರೂ ಧರಣಿ ಕೂರಲಿಲ್ಲ. ಮನುಷ್ಯನ ಜಾಗಕ್ಕೆ ಮೋಟಾರು ಬಂದರೆ ಅನುಕೂಲ, ಆನೆಯ ಜಾಗಕ್ಕೆ ಬಂದರೆ ಅಪಚಾರ!

ಇನ್ನು ಆ ಜೀವಂತ ಆನೆಯ ಬಾಳು ಹೇಗಿರುತ್ತದೆ? ಕಾಡಾನೆ ದಿನದ ಹೆಚ್ಚಿನ ಹೊತ್ತು ಮೇಯುತ್ತ, ನಡೆಯುತ್ತ ಇರುವ ಪ್ರಾಣಿ. ಹೆಣ್ಣಾನೆಯಾದರೆ ಸಾಯುವ ತನಕ ತಾಯಿ, ಅಕ್ಕತಂಗಿ, ಚಿಕ್ಕಮ್ಮಂದಿರ ಹಿಂಡಿನಲ್ಲೇ ಇರುತ್ತದೆ. ಅದನ್ನು ತಂದು ಸಿಮೆಂಟಿನ ನೆಲದ ಮೇಲೆ, ಕಾಲಿಗೆ ಸರಪಳಿ ಹಾಕಿ, ಒಂಟಿಯಾಗಿ ವರ್ಷಗಟ್ಟಲೆ ನಿಲ್ಲಿಸುತ್ತೇವೆ. ಮೂತ್ರ, ಲದ್ದಿಯ ತೇವದಲ್ಲಿ ನಿಂತು ಅಂಗಾಲು ಕೊಳೆಯುತ್ತದೆ, ಉಗುರು ಸೀಳುತ್ತದೆ, ಕೀಲು ಹಿಡಿಯುತ್ತದೆ. ಮನಸ್ಸು ಕೆಡುವ ಬಗೆ ಬೇರೆ. ನಿಂತಲ್ಲೇ ತಲೆಯನ್ನು ಅತ್ತಿಂದಿತ್ತ, ಇತ್ತಿಂದತ್ತ ತೂಗತೊಡಗುತ್ತದೆ, ಗಂಟೆಗಟ್ಟಲೆ. ಕಾಡಿನ ಆನೆ ಹಾಗೆ ಮಾಡುವುದಿಲ್ಲ. ಸೆರೆಯ ಪ್ರಾಣಿಗೆ ಬರುವ ಮನೋರೋಗ ಅದು ಎಂದು ಪಶುವೈದ್ಯರು ಹೇಳುತ್ತಾರೆ. ನಾವು ಮಾತ್ರ ಕೈಮುಗಿದು, ಆಹಾ, ನಾದಸ್ವರಕ್ಕೆ ಹೇಗೆ ತಲೆದೂಗುತ್ತಿದೆ ನೋಡಿ ಅನ್ನುತ್ತೇವೆ. ತಲೆಯಾಡಿಸುವ ಯಂತ್ರದ ಆನೆಯ ವಿಡಿಯೊ ನೋಡುವಾಗ ನನಗೆ ಅದೇ ನೆನಪಾಗಿ ಕಸಿವಿಸಿಯಾಗುತ್ತದೆ. ನಾವು ಕಂಡ ಆನೆ ಅದೊಂದೇ ಬಗೆಯದು. ಅದನ್ನೇ ಮೋಟಾರಿಗೂ ಕಲಿಸಿದ್ದೇವೆ.

ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದ ಮಹಾದೇವಿಯ ಪ್ರಕರಣವನ್ನು ಬೆಳಗಾವಿ ಕಡೆಯವರು ಮರೆತಿರಲಾರರು. ಆ ಮಠಕ್ಕೆ ನಡೆದುಕೊಳ್ಳುವ ಶ್ರಾವಕರು ಗಡಿಯ ಈಚೆಗೂ ಇದ್ದಾರೆ. ಮೂರು ದಶಕಕ್ಕೂ ಮಿಕ್ಕಿ ಮಠದಲ್ಲಿದ್ದ ಹೆಣ್ಣಾನೆ ಅದು, ಮಾಧುರಿ ಎಂಬ ಹೆಸರೂ ಇತ್ತು. ಕಾಲಿನ ಹುಣ್ಣು, ಕೀಲುನೋವು, ಮಾನಸಿಕ ಬಳಲಿಕೆಯ ವರದಿಗಳನ್ನು ನೋಡಿದ ಬಾಂಬೆ ಹೈಕೋರ್ಟು, 2025ರ ಜುಲೈಯಲ್ಲಿ ಅದನ್ನು ಗುಜರಾತಿನ ಜಾಮ್‌ನಗರದ ವನತಾರಾ ಪ್ರಾಣಿಧಾಮಕ್ಕೆ ಕಳಿಸಬೇಕೆಂದಿತು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆನೆ ಲಾರಿ ಹತ್ತಿದ ದಿನ ಊರಿಗೆ ಊರೇ ಅತ್ತಿತು. ಜನ ಸಾವಿರಗಟ್ಟಲೆ ಕೊಲ್ಹಾಪುರಕ್ಕೆ ಪಾದಯಾತ್ರೆ ಹೋದರು, ವನತಾರಾ ನಡೆಸುವ ಉದ್ಯಮಿ ಮನೆತನದ ಮೇಲಿನ ಸಿಟ್ಟಿಗೆ ಅವರದೇ ಜಿಯೊ ಸಿಮ್ ಬಿಟ್ಟು ಬೇರೆ ಕಂಪನಿಗೆ ಬದಲಾಯಿಸಿಕೊಂಡರು. ಆ ಕಣ್ಣೀರನ್ನು ನಾಟಕ ಎನ್ನಲು ನನಗೆ ಬಾಯಿ ಬರುವುದಿಲ್ಲ. ಶ್ರೀಮಂತರ ಅಂಗಳಕ್ಕೇ ಯಾಕೆ ಕಳಿಸಬೇಕು, ಹತ್ತಿರದಲ್ಲಿ ಸರ್ಕಾರವೇ ಒಂದು ಒಳ್ಳೆಯ ಆನೆಧಾಮ ಯಾಕೆ ಕಟ್ಟಿಲ್ಲ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಪ್ರೀತಿಯೇನು ಹುಣ್ಣಿಗೆ ಮದ್ದೇ? ಅಹಿಂಸೆಯನ್ನು ಪರಮಧರ್ಮ ಎಂದವರ ಮಠದಲ್ಲಿ ಆನೆಯ ಕಾಲು ಕೊಳೆಯುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ಚೂರು ಹೆಚ್ಚೇ ಚುಚ್ಚುತ್ತದೆ.

ಹಿಂದೂ ದೇವಸ್ಥಾನಗಳ ಮೇಲೆ ಮಾತ್ರ ಪೆಟಾದಂಥವರ ಕಣ್ಣು ಎಂಬ ದೂರೂ ಇದೆ. ಕೇರಳದಲ್ಲಿ ಮಸೀದಿಯ ನೇರ್ಚೆ ಎಂಬ ಉತ್ಸವಕ್ಕೂ, ಚರ್ಚಿನ ಹಬ್ಬಕ್ಕೂ ಆನೆ ಬೇಕು. 2025ರ ಜನವರಿಯಲ್ಲಿ ತಿರೂರಿನ ಪುದಿಯಂಗಾಡಿ ನೇರ್ಚೆಯಲ್ಲಿ ಆನೆಯೊಂದು ಜನರ ನಡುವಿನಿಂದ ಒಬ್ಬನನ್ನು ಸೊಂಡಿಲಲ್ಲಿ ಎತ್ತಿ ಬೀಸಿ ಎಸೆಯಿತು, ಅವನು ಉಳಿಯಲಿಲ್ಲ. ಮರು ತಿಂಗಳು ಕೊಯಿಲಾಂಡಿಯ ದೇವಸ್ಥಾನದಲ್ಲಿ ಎರಡು ಆನೆ ಬೆದರಿ ಕಾದಾಡಿದಾಗ ಮೂವರು ಸತ್ತರು. ಆನೆಗೆ ಯಾವ ಮತವೂ ಗೊತ್ತಿಲ್ಲ, ಪಟಾಕಿಯ ಸದ್ದು ಗೊತ್ತು. ಕೇರಳ ಹೈಕೋರ್ಟು ಆನೆ ಆನೆಯ ನಡುವೆ ಕನಿಷ್ಠ 3 ಮೀಟರ್ ಅಂತರ ಬಿಡಿ ಎಂದದ್ದನ್ನು ಸುಪ್ರೀಂ ಕೋರ್ಟು ಕಾರ್ಯಸಾಧ್ಯವಲ್ಲ ಎಂದು 2024ರ ಡಿಸೆಂಬರಿನಲ್ಲಿ ತಡೆಹಿಡಿದಿತ್ತು. ಸಂಸತ್ತು ಇನ್ನೂ ಒಂದು ಹೆಜ್ಜೆ ಮುಂದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ‘ಧಾರ್ಮಿಕ ಅಥವಾ ಇತರ ಯಾವುದೇ ಉದ್ದೇಶಕ್ಕೆ’ ಸಾಕಾನೆಯನ್ನು ಸಾಗಿಸಲು ದಾರಿ ಮಾಡಿಕೊಟ್ಟಿತು. ‘ಇತರ ಯಾವುದೇ’ ಎಂಬ ಎರಡು ಪದದೊಳಗೆ ಎಷ್ಟು ಆನೆ ಹಿಡಿಸಬಹುದೋ, ಬರೆದವರೇ ಬಲ್ಲರು.

ಹಾಗಾಗಿ ರಬ್ಬರಿನ ಆನೆ ಬರಲಿ. ಇಷ್ಟು ಹೇಳಿ ಮುಗಿಸಿದರೆ ಪೆಟಾದವರು ನನಗೂ ಒಂದು ಪ್ರಶಸ್ತಿಪತ್ರ ಕಳಿಸಿಯಾರು. ಆದರೆ ನನ್ನ ಜಗಳ ಅವರೊಂದಿಗೂ ಇದೆ.

ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ನಮಗೆಲ್ಲ ಗೊತ್ತು, ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ದಿಂದಲಾದರೂ ಗೊತ್ತು. ರಾಣಿ ಅಮೃತಮತಿ ಮನಸೋತದ್ದು ಒಬ್ಬ ಮಾವುತನ ಹಾಡಿಗೆ. ಈ ಲೇಖನಕ್ಕಾಗಿಯೇ ಜನ್ನ ಆನೆಯನ್ನು ತಂದು ಕಟ್ಟಿದ ಹಾಗಿದೆ. ಕೆಟ್ಟ ಕನಸಿನ ಪರಿಹಾರಕ್ಕೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವಹಿಂಸೆ ಒಲ್ಲೆ ಎನ್ನುತ್ತಾನೆ ಯಶೋಧರ. ಇಬ್ಬರ ನಡುವೆ ರಾಜಿಯಾಗಿ ಹಿಟ್ಟಿನಲ್ಲಿ ಹುಂಜ ಮಾಡಿಸುತ್ತಾರೆ. ಕತ್ತಿ ಬೀಸಿದಾಗ ಹಿಟ್ಟಿನ ಹುಂಜ ಕೂಗುತ್ತದೆ! ಆ ಒಂದು ಕೂಗಿಗೆ ತಾಯಿ ಮಗ ನವಿಲಾಗಿ, ನಾಯಾಗಿ, ಜನ್ಮಜನ್ಮ ಅಲೆಯುತ್ತಾರೆ. ಹುಂಜ ಹಿಟ್ಟಿನದು, ಕೊಲ್ಲುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ.

ರಬ್ಬರಿನ ಆನೆಯಲ್ಲಿ ನನ್ನನ್ನು ಕಾಡುವುದು ಈ ಸಂಕಲ್ಪವೇ. ಅದರ ಹಣೆಗೆ ನೆತ್ತಿಪಟ್ಟ ಕಟ್ಟುತ್ತೇವೆ, ಬೆನ್ನಿನ ಮೇಲೆ ಜನರನ್ನು ಕೂರಿಸುತ್ತೇವೆ, ಸೊಂಡಿಲಿನಿಂದ ತಲೆ ಮುಟ್ಟಿಸಿ ಆಶೀರ್ವಾದ ಪಡೆಯುತ್ತೇವೆ. ಯಾರ ತಲೆಯನ್ನೂ ಮುಟ್ಟಿ ಹರಸುವ ಅಭ್ಯಾಸ ಆನೆಗಿಲ್ಲ. ಅಂಕುಶದ ಮೊನೆಯಲ್ಲಿ ಕಲಿಸಿದ ಆಟ ಅದು. ಮೊದಲ ಬಾರಿ ಆನೆ ನೋಡುವ ಮಗು, ಆನೆ ಎಂದರೆ ಹಲಗೆಯ ಮೇಲೆ ನಿಂತು ಹರಸುವ ಪ್ರಾಣಿ ಎಂದೇ ತಿಳಿದು ಮನೆಗೆ ಹೋಗುತ್ತದೆ. ಗಜವಾಹನ ಈ ಮೋಸ ಮಾಡುವುದಿಲ್ಲ. ನಾನು ಮರ ಎಂದು ಅದು ಮೊದಲೇ ಹೇಳಿಬಿಟ್ಟಿರುತ್ತದೆ. ನನ್ನನ್ನು ಕೇಳಿದರೆ, ಮೋಟಾರಿನ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಬಡಗಿಯಿಂದ ಗಜವಾಹನ ಮಾಡಿಸಿ ಅನ್ನುತ್ತೇನೆ. ಜೀವಂತ ಆನೆ ಅಥವಾ ರಬ್ಬರಿನ ಆನೆ, ಎರಡರಲ್ಲೊಂದೇ ಎಂದರೆ ಮಾತ್ರ ಕಣ್ಣುಮುಚ್ಚಿ ರಬ್ಬರಿನದು. ಅದಕ್ಕೊಂದು ಲೆಕ್ಕವೂ ಬೇಕು. ಆನೆಯೇ ಇಲ್ಲದ ಮಠಕ್ಕೆ ಯಂತ್ರ ಕೊಟ್ಟಾಗ ಬಿಚ್ಚಿಕೊಂಡ ಸರಪಳಿ ಯಾವುದು? ನಾಳೆ ಒಂದು ಮರಿ ಸೆರೆಯಾಗುವುದು ತಪ್ಪಬಹುದು, ಅದು ಸಣ್ಣದಲ್ಲ. ಆದರೆ ಇವತ್ತು ಕಂಬಕ್ಕೆ ಕಟ್ಟಿರುವ ಆನೆಗೆ ನಾಳಿನ ಮರಿಯ ಸುದ್ದಿ ಯಾಕೆ?

ಈ ಮಾತನ್ನು ಮಠ, ದೇವಸ್ಥಾನಗಳಿಗೆ ಹೇಳುವುದು ಸುಲಭ. ಕಷ್ಟ ಇರುವುದು ಮೈಸೂರಿನಲ್ಲಿ. ಯಂತ್ರದ ಆನೆಯನ್ನು ಅನಾವರಣ ಮಾಡಿ ಕರುಣೆಯ ಭಾಷಣ ಬಿಗಿಯುವ ನಮ್ಮ ಸರ್ಕಾರವೇ ಪ್ರತಿ ದಸರೆಗೆ ಶಿಬಿರಗಳಿಂದ ಆನೆಗಳನ್ನು ಕರೆತಂದು, ಮರಳಿನ ಮೂಟೆ ಹೊರಿಸಿ, ಕಿವಿಯ ಪಕ್ಕ ಫಿರಂಗಿ ಹಾರಿಸಿ ತಾಲೀಮು ಕೊಟ್ಟು, 750 ಕಿಲೋ ಅಂಬಾರಿ ಕಟ್ಟಿ ಬನ್ನಿಮಂಟಪದವರೆಗೆ ನಡೆಸುತ್ತದೆ. ಮಾವುತರು, ಕಾವಾಡಿಗಳು ಅವುಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತಾರೆ. ಅದರಲ್ಲಿ ನನಗೆ ಅನುಮಾನವಿಲ್ಲ, ಅವರಿಗೆ ಕೊಡುವ ಸಂಬಳದಲ್ಲಿ ಇದೆ. ಆದರೂ 2024ರ ಸೆಪ್ಟೆಂಬರಿನಲ್ಲಿ ದಸರೆಯ ಆನೆ ಧನಂಜಯ ಸಿಟ್ಟಾಗಿ ಜತೆಯ ಆನೆ ಕಂಜನ್‌ನನ್ನು ಅಟ್ಟಿಸಿಕೊಂಡು ಅರಮನೆಯ ಬಾಗಿಲು ದಾಟಿ ರಸ್ತೆಗೇ ಬಂದ. ಅವತ್ತು ಯಾರಿಗೂ ಏನೂ ಆಗಲಿಲ್ಲ, ತಾಯಿ ಚಾಮುಂಡಿಯ ದಯೆ. ಅಂಬಾರಿಯಲ್ಲಿ ಮಹಾರಾಜರೇ ಕೂರುತ್ತಿದ್ದ ಕಾಲವಿತ್ತು, ಅವರು ಇಳಿದು ದೇವಿಯ ವಿಗ್ರಹ ಏರಿತು, ದಸರೆ ನಿಲ್ಲಲಿಲ್ಲ. ಅಂಬಾರಿ ಆನೆಯಿಂದ ಇಳಿದು ರಥವೇರಿದರೂ ನಿಲ್ಲುವುದಿಲ್ಲ. ಹೀಗೆಂದರೆ ಮೈಸೂರಿನ ಗೆಳೆಯರು ನನ್ನ ಜತೆ ಮಾತು ಬಿಡುತ್ತಾರೆ, ಗೊತ್ತು.

ಅರ್ಜುನ ಎಂಟು ಸಲ ಅಂಬಾರಿ ಹೊತ್ತವನು. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದು ಎಂದು 2020ರಲ್ಲಿ ಅವನನ್ನು ಬಿಡಿಸಿ ಅಭಿಮನ್ಯುವಿಗೆ ಅಂಬಾರಿ ಕಟ್ಟಿದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದಿದ್ದರು. ಸಲಗವೊಂದರ ಜತೆ ಕಾದಾಡಿ ಅಲ್ಲೇ ಸತ್ತ. ಸಕಲ ಗೌರವಗಳೊಂದಿಗೆ ಅಲ್ಲೇ ಮಣ್ಣು ಮಾಡಿದರು. ಮಾವುತ ಬಿಕ್ಕಿ ಬಿಕ್ಕಿ ಅಳುವುದನ್ನು ಟಿವಿಯವರು ದಿನವಿಡೀ ತೋರಿಸಿದರು. ನಮ್ಮ ಅತ್ತೆ ಅವತ್ತೂ ಪೇಪರು ಮಡಚಿಟ್ಟು ಒಂದು ಪ್ರಶ್ನೆ ಕೇಳಿದ್ದರು, ನನ್ನಲ್ಲಿ ಉತ್ತರವಿರಲಿಲ್ಲ. “ವಯಸ್ಸಾಯ್ತು ಅಂತ ಅಂಬಾರಿ ಇಳಿಸಿದ್ರಲ್ಲೋ, ಮತ್ತೆ ಜಗಳಕ್ಕೆ ಯಾಕೆ ಕರ್ಕೊಂಡು ಹೋದ್ರು?”