ಗೂಡು ಮೊದಲು, ಹಕ್ಕಿ ಆಮೇಲೆ

ತಾರಸಿಯಲ್ಲಿ ಕೊತ್ತಂಬರಿ, ಟೊಮೆಟೊ ಬೆಳೆದು ಕೈ ಪಳಗಿದವರ ಕಣ್ಣು ಮುಂದೆ ಬೀಳುವುದು ಕ್ವೇಲ್ ಮೇಲೆ. ಕೋಳಿ ಸಾಕೋಣವೆಂದರೆ ಜಾಗವಿಲ್ಲ, ಹುಂಜ ಕೂಗಿದರೆ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ. ಕ್ವೇಲ್ ಆದರೆ ಹಿತ್ತಿಲ ಒಂದು ಮೂಲೆ ಸಾಕು, ಆರೇಳು ವಾರಕ್ಕೆ ಮೊಟ್ಟೆ ಶುರು, ರೋಗದ ಕಾಟವೇ ಇಲ್ಲ. ಇದು ಮರಿ ಮಾರುವವರ ಮಾತು. ಅದರಲ್ಲಿ ಅರ್ಧ ನಿಜ. ಉಳಿದರ್ಧ ನಿಜವಾಗುವುದೂ ಸುಳ್ಳಾಗುವುದೂ ನೀವು ಕಟ್ಟುವ ಗೂಡಿನ ಮೇಲೆ ನಿಂತಿದೆ. ನಮ್ಮ ಜನ ಸಾಮಾನ್ಯವಾಗಿ ಮೊದಲು ಹಕ್ಕಿ ತಂದುಬಿಡುತ್ತಾರೆ. ಅವು ರಟ್ಟಿನ ಪೆಟ್ಟಿಗೆಯೊಳಗೆ ಪಿಳಿಪಿಳಿ ನೋಡುತ್ತಿರುವಾಗ ಗೂಡಿನ ಯೋಚನೆ ಬರುತ್ತದೆ. ನಾನು ಮಾಡಿದ್ದೂ ಅದನ್ನೇ.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಹಳ್ಳಿ ಕಡೆಯವರಿಗೆ ಗೌಜಲಕ್ಕಿ ಎಂದರೆ ಹೊಲದ ಬದುವಿನಲ್ಲಿ, ಕುರುಚಲು ಗಿಡಗಳ ಮರೆಯಲ್ಲಿ ಕೂಗುವ ಹಕ್ಕಿ. ಅಂಗಡಿಗಳಲ್ಲಿ ಕ್ವೇಲನ್ನೂ ಅದೇ ಹೆಸರಿಟ್ಟು ಮಾರುವುದುಂಟು. ಎರಡೂ ಬೇರೆ ಬೇರೆ. ಬದುವಿನ ಗೌಜಲಕ್ಕಿಯಾಗಲಿ, ನಮ್ಮ ಹುಲ್ಲುಗಾವಲಿನ ಕಾಡು ಕ್ವೇಲ್‌ಗಳಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿದು ತಂದು ಸಾಕುವುದು ಅಪರಾಧ. ಮನೆಯಲ್ಲಿ ಸಾಕಬಹುದಾದದ್ದು ಜಪಾನೀ ಕ್ವೇಲ್. ಜಪಾನಿನವರು ಇದನ್ನು ಶತಮಾನಗಳ ಹಿಂದೆ ಪಳಗಿಸಿದ್ದು ಮೊಟ್ಟೆಗಲ್ಲ, ಅದರ ಕೂಗು ಕೇಳುವುದಕ್ಕೆ. ಮೊಟ್ಟೆಗಾಗಿ ತಳಿ ಆರಿಸತೊಡಗಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಭಾರತಕ್ಕೆ ಇದು ಬಂದದ್ದು 1974ರಲ್ಲಿ, ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ, ಕ್ಯಾಲಿಫೋರ್ನಿಯಾದಿಂದ. ಹಿಂದೆ ಇದಕ್ಕೂ ಪರವಾನಗಿಯ ಗೋಜಲಿತ್ತು. 2011ರಲ್ಲಿ ಹೊಸ ಪರವಾನಗಿ ಕೊಡಬೇಡಿ ಎಂದು ಕೇಂದ್ರ ಪರಿಸರ ಸಚಿವಾಲಯವೇ ರಾಜ್ಯಗಳಿಗೆ ಹೇಳಿತ್ತು. ಆಮೇಲೆ ಫಾರಂನಲ್ಲಿ ಹುಟ್ಟಿ ಬೆಳೆದ ಜಪಾನೀ ಕ್ವೇಲ್‌ಗೆ ವಿನಾಯಿತಿ ಸಿಕ್ಕಿತು. ಅದಕ್ಕೇ ಗುರುತಿರುವ ಹ್ಯಾಚರಿಯಿಂದಲೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ರಸ್ತೆ ಬದಿಯಲ್ಲಿ ಬುಟ್ಟಿ ಹಿಡಿದು ಕೂತವರ ಹತ್ತಿರ ಬೇಡ.

ಈಗ ಗೂಡಿನ ವಿಷಯ. ಕ್ವೇಲ್ ನೆಲದ ಹಕ್ಕಿ. ಕೋಳಿಯ ಹಾಗೆ ಸಂಜೆಯಾದರೆ ಕೊಂಬೆ ಹುಡುಕಿ ಏರುವುದಿಲ್ಲ, ಗೂಡಿನಲ್ಲಿ ಅಡ್ಡಕೋಲು ಕಟ್ಟಿಕೊಟ್ಟರೂ ಅದರ ಕಡೆ ನೋಡುವುದಿಲ್ಲ. ಅದರ ಬದುಕೆಲ್ಲ ಹುಲ್ಲಿನ ಬುಡದಲ್ಲಿ. ಅಪಾಯ ಬಂದರೆ ಮೊದಲು ಅಲ್ಲಾಡದೆ ಕೂರುತ್ತದೆ. ಇನ್ನು ಆಗದು ಅನ್ನಿಸಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಬಯಲಿನಲ್ಲಿ ಪ್ರಾಣ ಉಳಿಸುವ ಈ ಚಿಮ್ಮು ಗೂಡಿನಲ್ಲಿ ಪ್ರಾಣ ತೆಗೆಯುತ್ತದೆ. ನಾನು ಮೊದಲು ಮಾಡಿಸಿದ ಗೂಡು ಎರಡೂವರೆ ಅಡಿ ಎತ್ತರ, ಮೇಲೆ ಹಲಗೆಯ ಮುಚ್ಚಳ. ಹಕ್ಕಿಗೆ ಧಾರಾಳವಾಗಿರಲಿ ಎಂಬ ನನ್ನ ಔದಾರ್ಯ. ಮೂರನೇ ರಾತ್ರಿ ಬೆಕ್ಕೊಂದು ಗೂಡಿನ ಮೇಲೆ ಹಾರಿತು. ಟಪ್ ಟಪ್ ಎಂದು ಸದ್ದು. ದೀಪ ಹಾಕಿ ನೋಡಿದರೆ ಒಂದರ ನೆತ್ತಿ ಸಿಗಿದಿತ್ತು, ಇನ್ನೊಂದು ಕತ್ತು ಸೊಟ್ಟ ಮಾಡಿಕೊಂಡು ಬಿದ್ದಿತ್ತು. ಬೆಕ್ಕು ಒಳಗೆ ಕಾಲಿಟ್ಟಿರಲೇ ಇಲ್ಲ.

ಎತ್ತರದ ಲೆಕ್ಕ ಹೀಗಿದೆ. ಗೂಡಿನ ಒಳಎತ್ತರ ಒಂದು ಅಡಿಗಿಂತ ಹೆಚ್ಚಿರಬಾರದು. ಆಗ ಹಕ್ಕಿ ಚಿಮ್ಮಿದರೂ ವೇಗ ಸಿಗುವ ಮುಂಚೆ ತಲೆ ತಾಗುತ್ತದೆ, ಏಟಾಗುವುದಿಲ್ಲ. ಇಲ್ಲವೇ ಆಳೆತ್ತರದ, ಆರು ಅಡಿ ಮೀರಿದ ದೊಡ್ಡ ಪಂಜರವೇ ಆಗಬೇಕು. ನಡುವಿನದು ಯಾವುದೂ ಬೇಡ. ಮುಚ್ಚಳಕ್ಕೆ ಒಳಗಿನಿಂದ ಗೋಣಿಚೀಲವನ್ನೋ ಹಳೆಯ ನೆರಳುಬಲೆಯನ್ನೋ ಬಿಗಿದರೆ ಇನ್ನೂ ಒಳ್ಳೆಯದು. ಅಂಗಡಿಯವನು ‘ಎತ್ತರ ಇದ್ದಷ್ಟು ಗಾಳಿ ಚೆನ್ನಾಗಿ ಆಡುತ್ತೆ ಸಾರ್’ ಎಂದರೆ ನಂಬಬೇಡಿ. ಗಾಳಿ ಆಡಬೇಕಾದದ್ದು ಪಕ್ಕದ ಜಾಲರಿಯಿಂದ.

ಜಾಲರಿಯಲ್ಲೂ ಜನ ಎಡವುತ್ತಾರೆ. ಆರು ಮೂಲೆಯ ಕಣ್ಣುಗಳ ತೆಳ್ಳನೆ ಕೋಳಿ ಜಾಲರಿ ಅಗ್ಗವೇನೋ ಹೌದು. ಆದರೆ ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹೆಗ್ಗಣವನ್ನು ಹೊರಗಿಡುವುದಿಲ್ಲ. ಬೆಕ್ಕಿನ ಪಂಜವೂ ಅದರೊಳಗೆ ತೂರುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್ ಹಾಕಿಸಿ, ಅಡಿಭಾಗಕ್ಕೂ ಬಿಡದಂತೆ. ಚಿಲಕ ಎರಡಿರಲಿ. ಗೂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟರೆ ಇರುವೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಹಾಲಿನ ಪಾತ್ರೆಗೆ ಮಾಡುವ ಉಪಾಯವೇ ಇದು.

ಜಾಗ ಎಷ್ಟು ಬೇಕು? ವ್ಯಾಪಾರಕ್ಕೆ ಸಾಕುವವರು ಒಂದು ಚದರ ಅಡಿಯಲ್ಲಿ ನಾಲ್ಕೈದು ಹಕ್ಕಿ ಕೂರಿಸುತ್ತಾರೆ. ಮನೆಯಲ್ಲಿ ಆ ಬಡತನ ಬೇಡ. ಹಕ್ಕಿಗೊಂದು ಚದರ ಅಡಿ ಕೊಡಿ. ಮೂರಡಿ ಉದ್ದ, ಎರಡಡಿ ಅಗಲದ ಗೂಡಿನಲ್ಲಿ ಆರು ಹೇಂಟೆ ನೆಮ್ಮದಿಯಾಗಿರುತ್ತವೆ. ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ಬೆನ್ನು ಬೋಳಾಗಿಸುತ್ತವೆ, ರಕ್ತ ಕಂಡರೆ ಎಲ್ಲವೂ ಸೇರಿ ಮುತ್ತಿಕೊಳ್ಳುತ್ತವೆ.

ನೆಲ ತಂತಿಯದಿರಬೇಕೇ, ಹಾಸು ಇರಬೇಕೇ ಎಂಬುದು ಹಳೆಯ ಜಗಳ. ತಂತಿ ನೆಲದಲ್ಲಿ ಹಿಕ್ಕೆ ಕೆಳಗಿನ ತಟ್ಟೆಗೆ ಬೀಳುತ್ತದೆ, ಮೊಟ್ಟೆ ಉರುಳಿ ಮುಂದಕ್ಕೆ ಬರುತ್ತದೆ, ಸಾಕುವವರಿಗೆ ಸುಲಭ. ಆದರೆ ಹಕ್ಕಿಯ ಪಾದ ಹುಣ್ಣಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಕೆದಕಲು ಏನೂ ಇರುವುದಿಲ್ಲ. ನನ್ನ ಮತ ಹಾಸಿಗೇ. ಎರಡು ಮೂರು ಇಂಚು ಭತ್ತದ ಹೊಟ್ಟು ಹರಡಿ, ಒಂದು ಮೂಲೆಯಲ್ಲಿ ಒಣ ಮರಳು, ಒಂದು ಹಿಡಿ ಬೂದಿ ಬೆರೆಸಿದ ತಟ್ಟೆ ಇಡಿ. ಹೊಸದಾಗಿ ತಟ್ಟೆ ಇಟ್ಟ ದಿನ ಐದು ನಿಮಿಷ ಅಲ್ಲೇ ಕೂತು ನೋಡಿ. ಮೊದಲು ಒಂದು ಬರುತ್ತದೆ, ಕೊಕ್ಕಿನಿಂದ ಮರಳು ಎಳೆದುಕೊಂಡು ಪಕ್ಕಕ್ಕೆ ಒರಗುತ್ತದೆ, ರೆಕ್ಕೆ ಸಡಿಲ ಬಿಟ್ಟು ಒದ್ದಾಡುತ್ತದೆ, ಸತ್ತಂತೆ ಕಣ್ಣು ಮುಚ್ಚುತ್ತದೆ. ಎದ್ದು ಮೈ ಕೊಡವಿದರೆ ಗೂಡೆಲ್ಲ ಧೂಳು. ಅಷ್ಟರಲ್ಲಿ ಉಳಿದ ಐದೂ ಅದೇ ತಟ್ಟೆಗೆ ನುಗ್ಗಿರುತ್ತವೆ. ಗರಿಯೊಳಗಿನ ಹೇನಿಗೆ ಇದೇ ಮದ್ದು. ಇನ್ನೊಂದು ಮೂಲೆಯಲ್ಲಿ ಬೋರಲು ಹಾಕಿದ ಒಡಕು ಮಡಕೆಯೋ ಹುಲ್ಲಿನ ಕಂತೆಯೋ ಇರಲಿ. ಅಡಗಲು ಜಾಗವಿದ್ದ ಹಕ್ಕಿ ಚಿಮ್ಮುವುದು ಕಡಿಮೆ.

ವಾಸನೆಯ ವಿಷಯದಲ್ಲಿ ಮುಚ್ಚುಮರೆ ಬೇಡ. ಇಷ್ಟು ಪುಟ್ಟ ಹಕ್ಕಿಯ ಹಿಕ್ಕೆ ಅಷ್ಟು ಘಾಟು ಹೊಡೆಯುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಹೊಟ್ಟು ಒದ್ದೆಯಾದರೆ ಮುಗಿಯಿತು. ನೀರಿನ ಪಾತ್ರೆ ಚೆಲ್ಲದ ಹಾಗಿರಲಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ವಾರಕ್ಕೆರಡು ಸಲ ಹಾಸು ಬದಲಿಸಬೇಕಾದೀತು. ತೆಗೆದದ್ದನ್ನು ನೇರ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಗೊಬ್ಬರದ ಗುಂಡಿಯಲ್ಲಿ ಒಂದೆರಡು ತಿಂಗಳು ಕೊಳೆಯಲಿ. ರಾಯಚೂರು, ಬಳ್ಳಾರಿ, ಕಲಬುರಗಿಯವರಿಗೆ ಚಿಂತೆ ಬಿಸಿಲಿನದು. 35 ಡಿಗ್ರಿ ದಾಟಿದರೆ ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೊಟ್ಟೆ ಇಳಿಯುತ್ತದೆ. ಸಿಮೆಂಟ್ ಶೀಟಿನ ಕೆಳಗೆ ಗೂಡಿಡಬೇಡಿ. ಪಕ್ಕದಲ್ಲಿ ಒದ್ದೆ ಗೋಣಿ ಇಳಿಬಿಡಿ, ಮಧ್ಯಾಹ್ನ ಒಮ್ಮೆ ತಣ್ಣೀರು ಬದಲಿಸಿ.

ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸುವವರಿಗೆ ಮಾತ್ರ ಬೇಕು. ಮೂರು ವಾರದ ಹಕ್ಕಿಯ ಎದೆ ನೋಡಿದರೆ ಗುರುತು ಸಿಗುತ್ತದೆ. ಗಂಡಿನ ಎದೆ ಕಲೆಯಿಲ್ಲದ ಇಟ್ಟಿಗೆ ಬಣ್ಣ, ಹೆಣ್ಣಿನದು ಮಾಸಲು ಬಿಳುಪಿನ ಮೇಲೆ ಕಪ್ಪು ಚುಕ್ಕೆ. ಒಂದು ದಿನದ ಮರಿ ತಂದರೆ ಅರ್ಧದಷ್ಟು ಗಂಡೇ ಇರುತ್ತವೆ. ಮೊದಲ ವಾರ ಅವಕ್ಕೆ 35 ಡಿಗ್ರಿಗೂ ಮಿಕ್ಕ ಕಾವು ಬೇಕು, ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬದಿದ್ದರೆ ಮುಳುಗಿ ಸಾಯುತ್ತವೆ. ಹೊಸಬರು ಆರು ವಾರದ ಹೇಂಟೆಗಳನ್ನೇ ಕೊಂಡರೆ ಈ ತಲೆನೋವೆಲ್ಲ ತಪ್ಪುತ್ತದೆ.

ಕೋಳಿ ಬೆಳಿಗ್ಗೆ ಮೊಟ್ಟೆ ಇಟ್ಟರೆ ಕ್ವೇಲ್ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಯೊಳಗೆ ಇಡುತ್ತದೆ. ಬೆಳಿಗ್ಗೆ ಗೂಡು ತೆರೆದು ಬರಿಗೈಲಿ ಬಂದು ಬೇಸರಪಡಬೇಡಿ. ಒಂದೊಂದು ಹೇಂಟೆಯ ಮೊಟ್ಟೆಯ ಚುಕ್ಕೆಗೂ ಅದರದೇ ಕೈಬರಹ. ತಿಂಗಳು ಕಳೆದರೆ ಇವತ್ತು ಯಾವುದು ಇಟ್ಟಿಲ್ಲ ಎಂದು ನೀವೇ ಹೇಳುತ್ತೀರಿ. ಎಡೆಬಿಡದೆ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮ ರಾಜ್ಯದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಸುಮಾರು 13 ಗಂಟೆಯಷ್ಟೇ. ಹಾಗಾಗಿ ಪುಸ್ತಕದಲ್ಲಿ ಬರೆದ ಲೆಕ್ಕದಷ್ಟು ಮೊಟ್ಟೆ ಬೇಕೆಂದರೆ ವರ್ಷವಿಡೀ ಸಂಜೆ ಒಂದು ಸಣ್ಣ ಬಲ್ಬು ಉರಿಯಬೇಕು. ಅದು ಬೇಡ, ಚಳಿಗಾಲದಲ್ಲಿ ಹಕ್ಕಿಯೂ ದಣಿವಾರಿಸಿಕೊಳ್ಳಲಿ ಎನ್ನುವುದೂ ಒಂದು ಸರಿಯಾದ ತೀರ್ಮಾನವೇ.

ಮೇವಿನಲ್ಲಿ ಕೈ ಬಿಗಿ ಹಿಡಿಯಬಾರದು. ಅಕ್ಕಿನುಚ್ಚು, ರಾಗಿ ಚೆಲ್ಲಿ ಮೊಟ್ಟೆ ಕೇಳಿದರೆ ಸಿಗದು. ಮೊಟ್ಟೆಯಿಡುವ ಕ್ವೇಲ್‌ಗೆ ಶೇ 20ರಷ್ಟು ಪ್ರೋಟೀನ್ ಬೇಕು, ಕೋಳಿಯ ಲೇಯರ್ ಫೀಡ್‌ನಲ್ಲಿ ಅಷ್ಟಿರುವುದಿಲ್ಲ. ಕ್ವೇಲ್ ಫೀಡ್ ಸಿಗದ ಊರಿನಲ್ಲಿ ಬ್ರಾಯ್ಲರ್ ಸ್ಟಾರ್ಟರ್ ಕೊಟ್ಟು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುವುದು ರೂಢಿ. ಔಷಧಿ ಬೆರೆಸಿದ ಚೀಲವಾದರೆ ಬೇಡ, ಅದು ಮೊಟ್ಟೆಯ ಮೂಲಕ ನಿಮ್ಮ ತಟ್ಟೆಗೇ ಬರುತ್ತದೆ.

ಇನ್ನು ಲಾಭದ ಲೆಕ್ಕ. ಆರು ಹೇಂಟೆ ದಿನಕ್ಕೆ ತಲಾ 25 ಗ್ರಾಂ ತಿಂದರೆ ತಿಂಗಳಿಗೆ ನಾಲ್ಕೂವರೆ ಕಿಲೋ ಮೇವು. ದಿನಕ್ಕೆ ಐದರಂತೆ ತಿಂಗಳಿಗೆ 150 ಮೊಟ್ಟೆ. ಒಂದೊಂದು ಹತ್ತು ಗ್ರಾಂ, ಐದು ಸೇರಿದರೆ ಒಂದು ಕೋಳಿಮೊಟ್ಟೆ. ಅಂದರೆ ಇಡೀ ತಿಂಗಳ ದುಡಿಮೆ ಕಿರಾಣಿ ಅಂಗಡಿಯ 30ರ ಒಂದು ಟ್ರೇಗೆ ಸಮ. ಅಷ್ಟೇ ತೂಕದ ಮೊಟ್ಟೆಯನ್ನು ಫಾರಂ ಕೋಳಿ ಮೂರೂವರೆ ಕಿಲೋ ಮೇವಿನಲ್ಲಿ ಕೊಟ್ಟುಬಿಡುತ್ತದೆ. ಕ್ವೇಲ್ ಕಡಿಮೆ ತಿನ್ನುತ್ತದೆ ಎನ್ನುವ ಮಾತು ಹಕ್ಕಿಯ ಲೆಕ್ಕಕ್ಕೆ ನಿಜ, ಮೊಟ್ಟೆಯ ತೂಕದ ಲೆಕ್ಕಕ್ಕೆ ಅಲ್ಲ. ನಮ್ಮ ಎದುರುಮನೆ ಅಜ್ಜಿ ಈ ಲೆಕ್ಕವನ್ನು ಒಂದೇ ನೋಟದಲ್ಲಿ ಮುಗಿಸಿದ್ದರು: ‘ಗೋಲಿಯಷ್ಟು ಮೊಟ್ಟೆಗೆ ಇಷ್ಟು ದೊಡ್ಡ ಸಂಸಾರ ಕಟ್ಕೊಂಡಿದ್ದೀಯಲ್ಲಪ್ಪಾ!’ ಆದರೂ ತಾಜಾ ಮೊಟ್ಟೆ, ಮಕ್ಕಳಿಗೆ ಕೈತುಂಬ ಕೆಲಸ, ಗಿಡಕ್ಕೆ ಗೊಬ್ಬರ ಬೇಕು ಎನ್ನುವವರಿಗೆ ಇದು ಸರಿಯಾದ ಹಕ್ಕಿ. ದುಡ್ಡು ಮಾಡಬೇಕು ಎನ್ನುವವರಿಗೆ ಆರು ಹಕ್ಕಿಯಿಂದ ಆಗದು.

ಔಷಧಿಯ ಗುಣವಿದೆ, ಕೊಲೆಸ್ಟ್ರಾಲ್ ಇಲ್ಲ ಎಂದು ಮೊಟ್ಟೆಯ ಡಬ್ಬಿಯ ಮೇಲೆ ಬರೆದಿದ್ದರೆ ನಕ್ಕು ಮುಂದೆ ಹೋಗಿ. ನೂರು ಗ್ರಾಂ ಕ್ವೇಲ್ ಮೊಟ್ಟೆಯಲ್ಲಿ ಸುಮಾರು 840 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಕೋಳಿಮೊಟ್ಟೆಯ ಎರಡು ಪಟ್ಟಿಗೂ ಹೆಚ್ಚು. ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ರೋಗ ಬರುವುದೇ ಇಲ್ಲ ಎನ್ನುವುದೂ ಇದೇ ಜಾತಿಯ ಮಾತು. ಕೋಳಿಗಿಂತ ಗಟ್ಟಿ, ಅಷ್ಟೇ. ಒದ್ದೆ ಹಾಸಿನಿಂದ ಕರುಳಿನ ರೋಗ ಬರುತ್ತದೆ, ಹಕ್ಕಿಜ್ವರ ಇದನ್ನೂ ಬಿಡುವುದಿಲ್ಲ. ಪಾರಿವಾಳ, ಕಾಗೆ ಮೇವಿಗೆ ಬಾಯಿ ಹಾಕದಂತೆ ನೋಡಿಕೊಳ್ಳಿ, ಗೂಡಿನ ಕೆಲಸ ಮುಗಿಸಿ ಸೋಪು ಹಚ್ಚಿ ಕೈ ತೊಳೆಯಿರಿ. ಎರಡು ಹಕ್ಕಿ ಒಟ್ಟಿಗೆ ಸತ್ತರೆ ಪಶುವೈದ್ಯರಿಗೆ ತಿಳಿಸಿ.

ಒಂದು ವರ್ಷ ಕಳೆದ ಮೇಲೆ ಮೊಟ್ಟೆ ಇಳಿಯತೊಡಗುತ್ತದೆ. ಹಕ್ಕಿ ಮಾತ್ರ ಇನ್ನೂ ಒಂದೆರಡು ವರ್ಷ ಬದುಕಬಹುದು. ಆಗ ಏನು ಮಾಡುತ್ತೀರಿ ಎಂಬುದನ್ನು ಕೊಳ್ಳುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಸಾರಿಗೆ ಹಾಕುವವರು ಹಾಕಲಿ, ಕೊನೆತನಕ ಸಾಕುವವರು ಸಾಕಲಿ. ಪಾಪ ಹೋಗಲಿ ಎಂದು ಕೆರೆಯ ಏರಿಯ ಮೇಲೋ ಕಾಡಂಚಿನಲ್ಲೋ ಬಿಟ್ಟು ಬರುವುದು ಮಾತ್ರ ಬೇಡ. ತಲೆಮಾರುಗಳಿಂದ ಗೂಡಿನಲ್ಲೇ ಬೆಳೆದ ಈ ಹಕ್ಕಿಗೆ ಮೇವು ಹುಡುಕುವುದು, ಮುಂಗುಸಿಯಿಂದ ತಪ್ಪಿಸಿಕೊಳ್ಳುವುದು ಗೊತ್ತಿಲ್ಲ. ಅಪ್ಪಿತಪ್ಪಿ ಬದುಕಿದರೆ ಚಳಿಗಾಲಕ್ಕೆ ವಲಸೆ ಬರುವ ಕಾಡು ಕ್ವೇಲ್‌ನೊಂದಿಗೆ ಬೆರಕೆಯಾಗುತ್ತದೆ.