ಮರ್ಯಾದೆಯ ಬೀಗ ಮತ್ತು ಸೀಲಿಯ ಪತ್ರಗಳು

‘ಇಂಥ ಪುಸ್ತಕವನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಡುವುದೇ?’ ಪುಣೆಯ ನಮ್ಮ ಓದುಗರ ಕೂಟದಲ್ಲಿ ಹಿರಿಯರೊಬ್ಬರು ಎತ್ತಿದ ಈ ಆಕ್ಷೇಪಕ್ಕೆ ನಾನು ಅಂದು ಉತ್ತರಿಸಲಿಲ್ಲ. ವಯಸ್ಸಿನ ಮರ್ಯಾದೆ ಅಡ್ಡಬಂದಿತು. ಆದರೆ ಆ ಕಾದಂಬರಿಯ ಸುತ್ತಲಿನ ಜಗಳವೂ ಮರ್ಯಾದೆಯದೇ ಆದ್ದರಿಂದ ಇಲ್ಲಿ ಉತ್ತರಿಸಬೇಕಾಗಿದೆ.

ಪುಸ್ತಕ ಆಲಿಸ್ ವಾಕರ್ ಅವರ ‘ದ ಕಲರ್ ಪರ್ಪಲ್’. 1982ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಕೃತಿ. ಅಮೆರಿಕದ ಜಾರ್ಜಿಯಾದ ಹಳ್ಳಿಗಾಡಿನ ಕಪ್ಪು ಹುಡುಗಿ ಸೀಲಿಗೆ ಕಥಾರಂಭದಲ್ಲಿ 14 ವರ್ಷ. ತಂದೆಯೆಂದು ಅವಳು ನಂಬಿದವನೇ ಅತ್ಯಾಚಾರವೆಸಗಿ, ಯಾರೆದುರೂ ಬಾಯಿ ಬಿಡಕೂಡದೆಂದು ಕಟ್ಟಪ್ಪಣೆ ಮಾಡುತ್ತಾನೆ. ಹುಟ್ಟಿದ ಎರಡು ಮಕ್ಕಳನ್ನೂ ಕಿತ್ತುಕೊಂಡು, ಅವಳನ್ನು ಆಲ್ಬರ್ಟನೆಂಬ ವಿಧುರನಿಗೆ ಕಟ್ಟುತ್ತಾನೆ. ಅಲ್ಲಿಯೂ ಹೊಡೆತವೇ. ಹೇಳಿಕೊಳ್ಳಲು ಯಾರೂ ಇಲ್ಲದ ಹುಡುಗಿ ದೇವರಿಗೆ ಪತ್ರ ಬರೆಯುತ್ತಾಳೆ.

1985ರಲ್ಲಿ ಸ್ಪೀಲ್‌ಬರ್ಗ್ ಇದನ್ನು ಚಲನಚಿತ್ರವಾಗಿಸಿದಾಗ ಅಲ್ಲಿನ ಕಪ್ಪು ಸಮುದಾಯದೊಳಗಿಂದಲೇ ಪ್ರತಿಭಟನೆ ಎದ್ದಿತು. ನಮ್ಮ ಗಂಡಸರ ಮಾನ ಹರಾಜಾಯಿತು, ಬಿಳಿಯರ ಕೈಗೆ ಆಯುಧ ಸಿಕ್ಕಿತು ಎಂಬುದು ದೂರು. ಆ ನೋವು ನಿರಾಧಾರವಲ್ಲ. ಬಿಳಿಯ ಹೆಂಗಸಿನ ಮಾನದ ಹೆಸರಿನಲ್ಲಿ ಸುಳ್ಳು ಆರೋಪ ಹೊರಿಸಿ ಕಪ್ಪು ಗಂಡಸರನ್ನು ಗುಂಪುಗೂಡಿ ಕೊಂದ ದೀರ್ಘ ಇತಿಹಾಸ ಅಲ್ಲಿದೆ. ಆದರೆ ಆ ಭಯದ ಸುಂಕವನ್ನು ಸೀಲಿಯೇ ಏಕೆ ತೆರಬೇಕು? ಹೊರಗಿನವರ ಮುಂದೆ ನಮ್ಮ ಹುಳುಕು ಬೇಡವೆನ್ನುವ ಸಜ್ಜನರು, ತಮಗರಿವಿಲ್ಲದೆಯೇ, ಅವಳ ಮಲತಂದೆಯ ಅಪ್ಪಣೆಯನ್ನೇ ಪುನಃ ಹೊರಡಿಸುತ್ತಾರೆ. ಅವನಿಗೂ ಬೇಕಾಗಿದ್ದುದು ಮೌನವೊಂದೇ.

ಕಾದಂಬರಿಯಲ್ಲಿ ಸೀಲಿಯನ್ನು ಗುಣಪಡಿಸುವುದು ಮದುವೆಯಲ್ಲ, ಮರೆವಲ್ಲ, ನ್ಯಾಯಾಲಯವಂತೂ ಅಲ್ಲವೇ ಅಲ್ಲ. ಗಂಡನ ಹಿಂದಿನ ಮಗ ಹಾರ್ಪೋಗೆ ‘ಹೆಂಡತಿಯನ್ನು ಹೊಡೆ’ ಎಂದು ಸಲಹೆ ಕೊಟ್ಟವಳು ಸ್ವತಃ ಸೀಲಿ! ಪೆಟ್ಟು ತಿಂದವಳಿಗೆ ಪೆಟ್ಟಿನ ಭಾಷೆಯೊಂದೇ ತಿಳಿದಿತ್ತು. ಸೊಸೆ ಸೋಫಿಯಾ ಬಂದು ನೇರವಾಗಿ ಕೇಳುತ್ತಾಳೆ. ಸೀಲಿ ತನ್ನ ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುತ್ತಾಳೆ. ಜಗಳದಲ್ಲಿ ಹರಿದ ಪರದೆಗಳಿಂದಲೇ ಇಬ್ಬರೂ ಕೌದಿ ಹೊಲಿಯತೊಡಗುತ್ತಾರೆ. ನಮ್ಮ ಅಜ್ಜಿಯರು ಕೌದಿ ಹೊಲಿಯುತ್ತ ಏನೇನು ಮಾತಾಡಿಕೊಂಡಿದ್ದರೋ, ನಾವು ಕೇಳಲೇ ಇಲ್ಲ.

ಬಳಿಕ ಬರುವವಳು ಗಾಯಕಿ ಶುಗ್ ಏವರಿ, ಆಲ್ಬರ್ಟನ ಹಳೆಯ ಪ್ರೇಯಸಿ. ಕಾಯಿಲೆಯಿಂದ ಬಂದ ಅವಳನ್ನು ಸೀಲಿ ಉಪಚರಿಸುತ್ತಾಳೆ. ಒಂದು ರಾತ್ರಿ ಬಾಲ್ಯದ ಆ ಘಟನೆಯನ್ನು ಅವಳಿಗೆ ಹೇಳಿ ಅಳುತ್ತಾಳೆ. ಶುಗ್ ಸಂಶಯಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಅಪ್ಪಿಕೊಳ್ಳುತ್ತಾಳೆ. ಇವರ ಸ್ನೇಹ ಪ್ರೇಮವೂ ಆಗುತ್ತದೆ. ಬಹುಮಂದಿಯ ನಿಜವಾದ ತಕರಾರು ಇಲ್ಲಿಯೇ ಇರಬಹುದು. ಹಿಂಸೆಯ ಪುಟಗಳನ್ನು ಸಹಿಸಿಕೊಂಡು, ಅಕ್ಕರೆಯ ಪುಟಗಳಿಗೆ ಮುಖ ಸಿಂಡರಿಸುವ ಓದು ಎಂಥದು? ಆಲ್ಬರ್ಟ್ ಬಚ್ಚಿಟ್ಟಿದ್ದ ತಂಗಿ ನೆಟ್ಟಿಯ ಪತ್ರಗಳನ್ನು ಹುಡುಕಿಕೊಡುವವಳೂ ಶುಗ್. ಮೆಂಫಿಸ್‌ನಲ್ಲಿ ಪ್ಯಾಂಟು ಹೊಲಿದು ಸ್ವಂತ ಸಂಪಾದನೆಗೆ ನಿಲ್ಲುವಂತೆ ಮಾಡುವವಳೂ ಅವಳೇ. ಕೊನೆಯ ಭಾಗದಲ್ಲಿ ಆಲ್ಬರ್ಟ್ ಸುಧಾರಿಸಿದ ಬಗೆ ನನಗೆ ತುಸು ಸುಲಭವೆನಿಸಿತು, ಅದಿರಲಿ. ಶುಗ್ ಬೇರೊಬ್ಬನ ಹಿಂದೆ ಹೋದಾಗಲೂ ಸೀಲಿ ಕುಸಿಯದಿರುವುದು ಹೆಚ್ಚು ನಿಜವೆನಿಸಿತು.

ಇದು ದೂರದೇಶದ ಕತೆಯೆಂದು ಬದಿಗಿಡಲಾದೀತೇ? 18 ತುಂಬದ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ನಮ್ಮ 2012ರ ಪೋಕ್ಸೋ ಕಾಯ್ದೆ ವಿಧಿಸಿದೆ, ಮುಚ್ಚಿಡುವುದು ಶಿಕ್ಷಾರ್ಹ. ಸಂತ್ರಸ್ತೆಯ ಗುರುತನ್ನು ಬಯಲುಮಾಡುವುದೂ ಅಪರಾಧವೇ. ಆ ಗೋಪ್ಯ ಅವಳ ರಕ್ಷಣೆಗಾಗಿಯೇ ಹೊರತು ಮನೆತನದ ಮಾನಕ್ಕಾಗಿ ಅಲ್ಲ. ಹಾಗಿದ್ದೂ ‘ಪೂರ್ವಕರ್ಮ’ ಎಂದು ನಿಟ್ಟುಸಿರಿಟ್ಟು, ಹುಡುಗಿಗೆ ಬೇಗನೆ ಗಂಡು ಹುಡುಕುವ ಮನೆಗಳನ್ನು ನಾವು ಬಲ್ಲೆವು. ಕರ್ಮವು ಹಿಂಸಿಸಿದವನಿಗೆ ಬಂಧಿಸುತ್ತದೆಂದು ಬಸದಿಯಲ್ಲಿ ಕೇಳಿ ಬಂದವರೇ ಮನೆಯಲ್ಲಿ ಪ್ರಾಯಶ್ಚಿತ್ತವನ್ನು ಅವಳಿಗೆ ವಿಧಿಸುತ್ತಾರೆ. ನೀರನ್ನು ಸೋಸಿ ಕುಡಿಯುವ ಮನೆಗಳಿವು.

ಆಕ್ಷೇಪವೆತ್ತಿದ ಹಿರಿಯರು ಪುಸ್ತಕವನ್ನು ಓದಿರಲಿಲ್ಲವೆಂದು ಆಮೇಲೆ ತಿಳಿಯಿತು. ಮುಂದಿನ ಕೂಟಕ್ಕೆ ನನ್ನ ಪ್ರತಿಯನ್ನು ಒಯ್ಯುವವನಿದ್ದೇನೆ. ಅದರ ಅಂಚುಗಳಲ್ಲಿ ನನ್ನ ಮಗಳು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಿವೆ. ಅವರು ಅವನ್ನೂ ಓದಲಿ.